ಒಂಬತ್ತು ಹುಡುಗರು, ಒಂದು ವಿಷಲ್: ಪುಟ್ಟ ಸ್ಕೌಟ್ ದಳದ ಹಳೇ ಕಷ್ಟ

ಈ ಸಲ ರಾಜರ ಕಥೆ ಇಲ್ಲ, ಕೋಟೆ ಕಥೆ ಇಲ್ಲ. ಕೊರಳಿಗೆ ಸ್ಕಾರ್ಫ್ ಕಟ್ಕೊಂಡು ಶಾಲೆ ಮೈದಾನದಲ್ಲಿ ಹಗ್ಗ ಹಿಡಿದು ಗಂಟು ಹಾಕೋ ಹುಡುಗರ ಕಥೆ. ಸ್ಕೌಟ್ಸ್. ಅದರಲ್ಲೂ ಒಂದು ಸಣ್ಣ ದಳ ನಡೆಸೋದು ಯಾಕೆ ಇಷ್ಟು ಕಷ್ಟ, ಆ ಕಷ್ಟ ಎಷ್ಟು ಹಳೇದು ಅನ್ನೋದು ಇವತ್ತಿನ ವಿಷಯ.

ಮೊದಲು ನನ್ನ ಲೆಕ್ಕ ಒಪ್ಪಿಸಿಬಿಡ್ತೀನಿ. ಓದಿದ್ದು ಬಿ.ಕಾಂ. ಹಗಲು ಆಡಿಟರ್ ಆಫೀಸಲ್ಲಿ ಜಿಎಸ್‌ಟಿ ರಿಟರ್ನ್ಸ್ ಫೈಲ್ ಮಾಡೋ ಕೆಲಸ, ರಾತ್ರಿ ಈ ಪಾಡ್‌ಕಾಸ್ಟ್. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರು ನಮ್ಮದು. ಅಲ್ಲಿನ ಹೈಸ್ಕೂಲಲ್ಲಿ ನಾನೂ ಸ್ಕೌಟ್ ಆಗಿದ್ದೆ. ಎರಡು ವರ್ಷದ ಹಿಂದೆ ನಮ್ಮ ಸ್ಕೌಟ್ ಮೇಷ್ಟ್ರು ರಿಟೈರ್ ಆದರು. ದಳ ನೋಡ್ಕೊಳ್ಳೋಕೆ ಬೇರೆ ಯಾರೂ ಮುಂದೆ ಬರಲಿಲ್ಲ. ನನ್ನನ್ನ ಕರೆದು ಒಂದು ವಿಷಲ್ಲು, ಒಂದು ರಿಜಿಸ್ಟರು ಕೈಗಿಟ್ಟು, "ಶನಿವಾರ ಎರಡು ಗಂಟೆ ಅಷ್ಟೇ ಕಣಯ್ಯ, ನೋಡ್ಕೋ" ಅಂದರು. ನಾನು ಟ್ರೈನಿಂಗ್ ಮುಗಿಸಿಕೊಂಡು ಬಂದು ಶುರು ಮಾಡಿದೆ.

ರಿಜಿಸ್ಟರಲ್ಲಿ ಆಗ 24 ಹೆಸರಿತ್ತು. ಹತ್ತನೇ ಕ್ಲಾಸಿನವರು ಎಸ್ಸೆಸ್ಸೆಲ್ಸಿ ಅಂತ ಬಿಟ್ಟರು. ಅವರ ಜೊತೆಗೆ ಗಂಟು ಹಾಕೋದು, ಟೆಂಟ್ ಕಟ್ಟೋದು, ಸೌದೆ ಒಲೆ ಹಚ್ಚೋದು ಗೊತ್ತಿದ್ದವರೂ ಹೋದರು. ಕೆಲವರಿಗೆ ಟ್ಯೂಷನ್. ಕೆಲವರ ಮನೆಯಲ್ಲಿ "ಇದರಿಂದ ಮಾರ್ಕ್ಸ್ ಬರುತ್ತಾ?" ಅಂತ ಪ್ರಶ್ನೆ. ವರ್ಷ ಕಳೆಯೋ ಹೊತ್ತಿಗೆ 12 ಹುಡುಗರು ಉಳಿದರು.

ಸಣ್ಣ ದಳ ನಡೆಸಿದವರಿಗೆ ಇದು ಗೊತ್ತಿರುತ್ತೆ. 30 ಹುಡುಗರಿದ್ದು ಮೂವರು ಬರದಿದ್ದರೆ ಯಾರಿಗೂ ಗೊತ್ತಾಗಲ್ಲ. 12 ಜನರಲ್ಲಿ ಮೂವರು ಬರದಿದ್ದರೆ ಅವತ್ತಿನ ಆಟವೇ ಕೆಡುತ್ತೆ. ಹಗ್ಗ ತರೋಕೆ ದುಡ್ಡಿರಲ್ಲ. ಕ್ಯಾಂಪ್ ಅಂದರೆ ಜೊತೆಗೆ ಇನ್ನೊಬ್ಬ ದೊಡ್ಡವರು ಬೇಕು, ಅವರು ಸಿಗಲ್ಲ. ಹಾಗಾಗಿ ನಾನು ಎಲ್ಲವನ್ನೂ ನಾನೇ ಮಾಡೋಕೆ ಹೋದೆ. ಆಟ ನಾನೇ ಆರಿಸ್ತಿದ್ದೆ, ಹಾಜರಿ ನಾನೇ ಹಾಕ್ತಿದ್ದೆ, ಬಾವುಟದ ಹಗ್ಗ ಸಿಕ್ಕಿಹಾಕಿಕೊಂಡರೆ ಅದನ್ನೂ ನಾನೇ ಬಿಡಿಸ್ತಿದ್ದೆ.

ಎಂಟನೇ ಕ್ಲಾಸಿನ ಒಬ್ಬ ಹುಡುಗ ಪ್ರತಿ ಶನಿವಾರ ಅರ್ಧ ಗಂಟೆ ತಡ. ಹೆಸರು ಬೇಡ, ಅವನಿಗೆ ಇಷ್ಟ ಆಗಲ್ಲ. ಒಂದು ದಿನ ಎಲ್ಲರ ಎದುರಿಗೇ ಬೈದೆ. "ಟೈಮಿಗೆ ಬರೋಕಾಗದವನು ಸ್ಕೌಟ್ ಯಾಕಾದೆ?" ಅಂದೆ. ಅವನು ಏನೂ ಮಾತಾಡಲಿಲ್ಲ. ಸ್ಕಾರ್ಫ್ ಬಿಚ್ಚಿ, ಮಡಚಿ, ಬ್ಯಾಗಿಗೆ ಹಾಕ್ಕೊಂಡು ಹೋದ. ಮುಂದಿನ ವಾರ ಬರಲಿಲ್ಲ. ಅವನ ಜೊತೆಗೆ ಅವನ ಇಬ್ಬರು ಸ್ನೇಹಿತರೂ ಬರಲಿಲ್ಲ. 12 ಹೋಗಿ 9 ಆಯ್ತು.

ಅವತ್ತು ರಾತ್ರಿ ಮೇಷ್ಟ್ರಿಗೆ ಫೋನ್ ಮಾಡಿ, "ಸರ್, ಒಂಬತ್ತು ಜನ ಇಟ್ಕೊಂಡು ಏನು ದಳ? ಮುಚ್ಚಿಬಿಡೋಣ" ಅಂದೆ. ಅವರು ನಕ್ಕರು. "ಸಣ್ಣದಾಯ್ತು ಅಂತ ಮುಚ್ಚೋದಾದರೆ 1907ರಲ್ಲೇ ಮುಚ್ಚಬೇಕಿತ್ತು. ಚರಿತ್ರೆ ಹೇಳೋನು ನೀನು, ಹೋಗಿ ಸ್ವಲ್ಪ ಓದು" ಅಂದರು. ಈ ಕಂತು ಹುಟ್ಟಿದ್ದು ಆ ಬೈಗುಳದಿಂದ.

ಸರಿ, 1907ಕ್ಕೆ ಹೋಗೋಣ. ಆದರೆ ಅದಕ್ಕೂ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಸ್ಕೌಟ್ ಚಳವಳಿ ಕಟ್ಟಿದವರು ರಾಬರ್ಟ್ ಬೇಡನ್ ಪೊವೆಲ್. ಸ್ಕೌಟ್‌ಗಳು ಅವರನ್ನ ಬಿ.ಪಿ. ಅಂತಾರೆ. ರಕ್ತದೊತ್ತಡ ಅಲ್ಲ! 1857ರ ಫೆಬ್ರವರಿ 22ರಂದು ಹುಟ್ಟಿದವರು, ಬ್ರಿಟಿಷ್ ಸೇನೆಯ ಅಧಿಕಾರಿ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಮಾಫೆಕಿಂಗ್ ಅನ್ನೋ ಪುಟ್ಟ ಊರಿಗೆ ಮುತ್ತಿಗೆ ಬಿದ್ದಾಗ ಅದನ್ನ ಕಾಪಾಡಿದ ಸೇನಾನಿ. 1899ರ ಅಕ್ಟೋಬರಿಂದ 1900ರ ಮೇವರೆಗೆ, 217 ದಿನ ಮುತ್ತಿಗೆ. ಊರಲ್ಲಿ ಗಂಡಾಳುಗಳು ಸಾಲದೆ ಬಂದಾಗ ಹುಡುಗರ ಒಂದು ಕೆಡೆಟ್ ಪಡೆ ಮಾಡಿದರು. ಅದನ್ನ ಕಟ್ಟಿದ್ದು ಬಿ.ಪಿ. ಅಲ್ಲ, ಅವರ ಕೈಕೆಳಗಿನ ಅಧಿಕಾರಿ ಎಡ್ವರ್ಡ್ ಸೆಸಿಲ್. ಆ ಹುಡುಗರು ಸೈಕಲ್ ಮೇಲೆ ಕಾಗದ ಪತ್ರ ಮುಟ್ಟಿಸುತ್ತಿದ್ದರು. ಜವಾಬ್ದಾರಿ ಕೊಟ್ಟರೆ ಹುಡುಗರು ನಿಭಾಯಿಸ್ತಾರೆ ಅನ್ನೋದು ಬಿ.ಪಿ. ತಲೆಯಲ್ಲಿ ಕೂತಿದ್ದು ಅಲ್ಲಿ.

ಇದನ್ನ ಬರೀ ವೀರಗಾಥೆಯಾಗಿ ಹೇಳಿದರೆ ತಪ್ಪಾಗುತ್ತೆ. ಅದೇ ಊರಲ್ಲಿದ್ದ ಆಫ್ರಿಕನ್ ಜನ ಮುತ್ತಿಗೆಯ ದಿನಗಳಲ್ಲಿ ಹಸಿವಿನಿಂದ ಸತ್ತರು. ಇಂಗ್ಲೆಂಡಿನಲ್ಲಿ ಸಂಭ್ರಮ ಪಟ್ಟವರ ಕಥೆಯಲ್ಲಿ ಅವರು ಬಹಳ ಕಾಲ ಕಾಣಲೇ ಇಲ್ಲ. ಸ್ಕೌಟಿಂಗ್ ಸಾಮ್ರಾಜ್ಯದ ಹೊಟ್ಟೆಯಲ್ಲಿ ಹುಟ್ಟಿದ್ದು. ಈ ಮಾತು ನೆನಪಿರಲಿ, ಮುಂದೆ ಇಂಡಿಯಾಕ್ಕೆ ಬಂದಾಗ ಬೇಕಾಗುತ್ತೆ.

1907ರ ಆಗಸ್ಟ್ ಮೊದಲ ವಾರ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೌನ್‌ಸೀ ಅನ್ನೋ ಸಣ್ಣ ದ್ವೀಪ. ಬಿ.ಪಿ.ಗೆ ಆಗ 50 ವರ್ಷ. ತಮ್ಮ ಯೋಚನೆಯನ್ನ ಪರೀಕ್ಷೆ ಮಾಡಿ ನೋಡೋಕೆ ಅಲ್ಲಿಗೆ ಹುಡುಗರನ್ನ ಕರ್ಕೊಂಡು ಹೋದರು. ಎಷ್ಟು ಜನ? ಸುಮಾರು ಇಪ್ಪತ್ತು. ಅಷ್ಟೇ. ಇವತ್ತು ಜಗತ್ತಿನಾದ್ಯಂತ ಕೋಟಿಗಟ್ಟಲೆ ಮಕ್ಕಳಿರೋ ಸಂಘಟನೆ ಶುರುವಾಗಿದ್ದು ನಮ್ಮೂರ ಒಂದು ಮಿನಿ ಬಸ್ಸಿನಲ್ಲಿ ಹಿಡಿಸೋ ಹುಡುಗರಿಂದ. ಅರ್ಧದಷ್ಟು ಜನ ದೊಡ್ಡ ಮನೆತನದವರು, ದುಬಾರಿ ಶಾಲೆಯವರು. ಉಳಿದವರು ಬೋರ್ನ್‌ಮತ್ ಮತ್ತು ಪೂಲ್ ಊರುಗಳ ಸಾಧಾರಣ ಮನೆ ಮಕ್ಕಳು. ಆ ಕಾಲದ ಇಂಗ್ಲೆಂಡಿನಲ್ಲಿ ಇವರು ಒಂದೇ ಪಾತ್ರೆಯ ಊಟ ಮಾಡೋದೇ ದೊಡ್ಡ ವಿಷಯ.

ಇಪ್ಪತ್ತು ಜನರನ್ನೂ ಬಿ.ಪಿ. ಒಟ್ಟಿಗೆ ಸಾಲಲ್ಲಿ ನಿಲ್ಲಿಸಿ ಪಾಠ ಮಾಡಲಿಲ್ಲ. ನಾಲ್ಕು ಗುಂಪು ಮಾಡಿದರು. ತೋಳ, ಗೂಳಿ, ಕಾಡುಕಾಗೆ, ಮತ್ತೆ ಕರ್ಲ್ಯೂ ಅನ್ನೋ ನೀರುಹಕ್ಕಿ. ಈ ಗುಂಪಿಗೆ ನಮ್ಮಲ್ಲೂ ಪೆಟ್ರೋಲ್ ಅಂತಾನೇ ಕರೆಯೋದು. ಒಂದೊಂದರಲ್ಲಿ ಐದೈದು ಹುಡುಗರು, ಅವರಲ್ಲೇ ದೊಡ್ಡವನು ಒಬ್ಬ ಲೀಡರ್. ಗುಂಪಿನ ಹೊಣೆ ಅವನದು, ತಪ್ಪಾದರೆ ಕೇಳೋದೂ ಅವನನ್ನೇ. ಇಡೀ ಪದ್ಧತಿಯ ಬುನಾದಿ ಇದು. ಹುಡುಗರನ್ನ ಹುಡುಗನೇ ನಡೆಸೋದು, ದೊಡ್ಡವನು ಒಂದು ಹೆಜ್ಜೆ ಹಿಂದೆ ನಿಲ್ಲೋದು.

ಇದನ್ನ ಓದಿದಾಗ ನನಗೆ ಮುಖಕ್ಕೆ ನೀರು ಚಿಮುಕಿಸಿದ ಹಾಗಾಯ್ತು. ಯಾಕಂದ್ರೆ ಹುಡುಗರು ಕಮ್ಮಿ ಆದಾಗ ನಾನು ಮಾಡಿದ ಮೊದಲ ಕೆಲಸ ಪೆಟ್ರೋಲ್‌ಗಳನ್ನ ತೆಗೆದುಹಾಕಿದ್ದು. "ಇರೋದೇ ಹನ್ನೆರಡು ಜನ, ಅದಕ್ಯಾಕೆ ಗುಂಪು, ಎಲ್ಲ ಒಂದೇ ಸಾಲಲ್ಲಿ ನಿಲ್ರಿ" ಅಂದಿದ್ದೆ.

1908ರ ಜನವರಿಯಿಂದ ಬಿ.ಪಿ. ಅವರ 'ಸ್ಕೌಟಿಂಗ್ ಫಾರ್ ಬಾಯ್ಸ್' ಆರು ಕಂತುಗಳಲ್ಲಿ ಬಂತು. ಹದಿನೈದು ದಿನಕ್ಕೊಂದು ಕಂತು, ಕಡಿಮೆ ಬೆಲೆ. ಆಗಲೇ ಇದ್ದ ಹುಡುಗರ ಸಂಘಗಳಿಗೆ ಇದು ಉಪಯೋಗ ಆಗಲಿ ಅನ್ನೋದು ಅವರ ಲೆಕ್ಕಾಚಾರ. ಆದರೆ ಆಗಿದ್ದೇ ಬೇರೆ. ಹುಡುಗರು ಪುಸ್ತಕ ಓದಿ ಯಾರನ್ನೂ ಕೇಳದೆ ತಾವೇ ಗುಂಪು ಕಟ್ಟಿಕೊಂಡರು. ಆಮೇಲೆ ದೊಡ್ಡವರನ್ನ ಹುಡುಕ್ಕೊಂಡು ಹೋಗಿ "ನಮಗೆ ಸ್ಕೌಟ್ ಮಾಸ್ಟರ್ ಆಗಿ" ಅಂತ ಕೇಳಿದರು. ಅಂದರೆ ಈ ಚಳವಳಿಯಲ್ಲಿ ಮೊದಲ ದಿನದಿಂದ ಕೊರತೆ ಇದ್ದಿದ್ದು ದೊಡ್ಡವರದು.

1909ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ದೊಡ್ಡ ಮೇಳ. ಸಾವಿರಾರು ಹುಡುಗರ ಮಧ್ಯೆ ಕೆಲವು ಹುಡುಗಿಯರೂ ಸ್ಕೌಟ್ ವೇಷದಲ್ಲಿ ಬಂದು ನಿಂತರು. ಅವರನ್ನೂ ಯಾರೂ ಕರೆದಿರಲಿಲ್ಲ. ಮುಂದಿನ ವರ್ಷ, 1910ರಲ್ಲಿ, ಗರ್ಲ್ ಗೈಡ್ಸ್ ಹುಟ್ಟಿಕೊಂಡಿತು.

ದಳ ಎಷ್ಟು ದೊಡ್ಡದಿರಬೇಕು ಅನ್ನೋದಕ್ಕೆ ಬಿ.ಪಿ. ಮುಂದೆ ಸ್ಕೌಟ್ ಮಾಸ್ಟರ್‌ಗಳಿಗೆ ಅಂತಾನೇ ಬರೆದ ಪುಸ್ತಕದಲ್ಲಿ ಒಂದು ಲೆಕ್ಕ ಕೊಡ್ತಾರೆ. ಒಬ್ಬೊಬ್ಬ ಹುಡುಗನ ಸ್ವಭಾವ ತಿಳಿದು ಅವನನ್ನ ಬೆಳೆಸೋದು ಅಂದರೆ ತಮ್ಮ ಕೈಲಿ 16 ಜನರನ್ನ ನೋಡ್ಕೊಳ್ಳೋದೇ ಹೆಚ್ಚು ಅಂತ ಒಪ್ಕೋತಾರೆ. ಬೇರೆಯವರು ತಮ್ಮ ಎರಡರಷ್ಟು ಸಮರ್ಥರಿರಬಹುದು ಅಂದುಕೊಂಡು 32 ಅಂತ ಮಿತಿ ಹಾಕ್ತಾರೆ. ಕಾಮರ್ಸ್ ಓದಿದ ನನಗೆ ಈ ಗುಣಾಕಾರ ಬಹಳ ಇಷ್ಟ ಆಯ್ತು. ಮಾಫೆಕಿಂಗ್ ಕಾದ ಸೇನಾನಿಯ ಲೆಕ್ಕ 16. ನನ್ನ ಹತ್ತಿರ ಇದ್ದವರು 9. ನಾನು ಅಳ್ತಾ ಕೂತಿದ್ದೆ.

ಹುಡುಗರಿಗೇ ಬಿಟ್ಟುಬಿಟ್ಟರೆ ಎಲ್ಲ ಸರಿ ಹೋಗುತ್ತೆ ಅಂತ ನಿಮಗೆ ಅನ್ನಿಸ್ತಿರಬಹುದು. ಇಲ್ಲ. ಅದಕ್ಕೆ ಈ ಮುಂದಿನ ಘಟನೆ ಹೇಳಲೇಬೇಕು.

1912ರ ಆಗಸ್ಟ್. ದಕ್ಷಿಣ ಲಂಡನ್ನಿನ ವಾಲ್‌ವರ್ತ್ ಅನ್ನೋ ಬಡವರ ಬಡಾವಣೆಯ ಒಂದು ಸ್ಕೌಟ್ ದಳ. ಸ್ಕೌಟ್ ಮಾಸ್ಟರ್ ಹೆಸರು ಸಿಡ್ನಿ ಮಾರ್ಷ್. ಇಪ್ಪತ್ತಕ್ಕೂ ಹೆಚ್ಚು ಹುಡುಗರು, ಕೆಲವರು ದೊಡ್ಡವರು, ಒಂದು ಹಾಯಿದೋಣಿಯಲ್ಲಿ ಥೇಮ್ಸ್ ನದಿ ಇಳಿದು ಲೇಸ್‌ಡೌನ್ ಅನ್ನೋ ಕಡಲತೀರದಲ್ಲಿ ಕ್ಯಾಂಪ್ ಮಾಡೋಕೆ ಹೊರಟರು. ಆ ಹುಡುಗರಿಗೆ ವರ್ಷಕ್ಕೊಮ್ಮೆ ಸಿಗೋ ಸಮುದ್ರ ಅದು. ಆಗಸ್ಟ್ 4ರಂದು, ಕರೆ ಇನ್ನೇನು ಬಂತು ಅನ್ನುವಾಗ ಬಿರುಗಾಳಿ ಬಡಿದು ದೋಣಿ ಮಗುಚಿತು. ಒಂಬತ್ತು ಹುಡುಗರು ಮುಳುಗಿ ಸತ್ತರು. ಎಲ್ಲರೂ 11ರಿಂದ 14 ವರ್ಷದವರು. ಮಾರ್ಷ್ ಬದುಕುಳಿದರು.

ಆಗ ನೌಕಾದಳದ ಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್, ದೇಹಗಳನ್ನ ಲಂಡನ್ನಿಗೆ ತರೋಕೆ ಒಂದು ಯುದ್ಧನೌಕೆ ಕಳಿಸಿದರು. ನನ್‌ಹೆಡ್ ಅನ್ನೋ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅಲ್ಲೊಂದು ಸ್ಕೌಟ್ ಹುಡುಗನ ಕಂಚಿನ ಪ್ರತಿಮೆ ನಿಲ್ಲಿಸಿದ್ದರು. 1969ರಲ್ಲಿ ಅದನ್ನ ಯಾರೋ ಕದ್ದುಕೊಂಡು ಹೋದರು.

ಒಂಬತ್ತು. ನನ್ನ ದಳದಲ್ಲಿ ಇದ್ದಿದ್ದೂ ಒಂಬತ್ತು ಹುಡುಗರೇ. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಸ್ಕೌಟ್ ಮಾಸ್ಟರ್ ಕೆಟ್ಟವನಲ್ಲ. ಬಡ ಮಕ್ಕಳನ್ನ ಸಮುದ್ರಕ್ಕೆ ಕರ್ಕೊಂಡು ಹೋಗಬೇಕು ಅಂದುಕೊಂಡ ಮನುಷ್ಯ. ಬಿರುಗಾಳಿ ಅವನ ಕೈಲಿ ಇರಲಿಲ್ಲ. ಆದರೆ ಬದುಕಿ ದಡ ಸೇರಿದ ಮೇಲೆ ಅವನು ಆ ಮನೆಗಳ ಮುಂದೆ ಹೇಗೆ ನಡೆದಾಡಿದನೋ. ಆಡೋದನ್ನ, ಅಡುಗೆಯನ್ನ, ದಾರಿ ಹುಡುಕೋದನ್ನ ಹುಡುಗರಿಗೆ ಬಿಡಬಹುದು. ಜೀವದ ಹೊಣೆಯನ್ನ ಬಿಡೋಕಾಗಲ್ಲ. ದಳ ನಡೆಸೋರಿಗೆ ನಿಜವಾದ ಕಷ್ಟ ಇರೋದು ಎಲ್ಲಿ ಕೈ ಬಿಡಬೇಕು, ಎಲ್ಲಿ ಬಿಡಬಾರದು ಅಂತ ಪ್ರತಿ ವಾರ ತೀರ್ಮಾನ ಮಾಡೋದರಲ್ಲಿ.

ಎರಡು ವರ್ಷ ಬಿಟ್ಟು ಮಹಾಯುದ್ಧ ಶುರುವಾಯ್ತು. ಸ್ಕೌಟ್ ಮಾಸ್ಟರ್‌ಗಳು ಸಾಲಾಗಿ ಸೇನೆಗೆ ಹೋದರು. ಲಂಡನ್ನಿನ ಬಡ ಬಡಾವಣೆಗಳಲ್ಲಿ ಸ್ಕೌಟಿಂಗ್ ಬೆಳೆಸಿದ ರೋಲಂಡ್ ಫಿಲಿಪ್ಸ್ ಅವರಲ್ಲೊಬ್ಬರು. ಪೆಟ್ರೋಲ್ ಪದ್ಧತಿ ಬಗ್ಗೆ ಪುಸ್ತಕ ಬರೆದಿದ್ದವರು. 1916ರಲ್ಲಿ ಸೋಮ್ ಯುದ್ಧದಲ್ಲಿ ಸತ್ತರು. ದೊಡ್ಡವರಿಲ್ಲದ ಎಷ್ಟೋ ದಳಗಳನ್ನ ಆ ನಾಲ್ಕು ವರ್ಷ ಉಳಿಸಿದ್ದು ಪೆಟ್ರೋಲ್ ಲೀಡರ್ ಹುಡುಗರು. ಅದೇ 1916ರಲ್ಲಿ ಚಿಕ್ಕ ಮಕ್ಕಳಿಗಾಗಿ ಕಬ್ ವಿಭಾಗ ಶುರುವಾಯ್ತು. ಅದನ್ನ ಕಟ್ಟೋದರಲ್ಲಿ ವೆರಾ ಬಾರ್ಕ್ಲೇ ಅನ್ನೋ ಮಹಿಳೆಯ ಪಾತ್ರ ದೊಡ್ಡದು.

ಈಗ ನಮ್ಮ ಕಡೆ ಬರೋಣ. ಇಂಡಿಯಾದಲ್ಲಿ ಮೊದಲ ಸ್ಕೌಟ್ ದಳ ಎಲ್ಲಿ ಶುರುವಾಯ್ತು ಗೊತ್ತಾ? ಬೆಂಗಳೂರಲ್ಲಿ. 1909ರಲ್ಲಿ ಬಿಷಪ್ ಕಾಟನ್ ಶಾಲೆಯಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಅನ್ನೋರಿಂದ. ಆದರೆ ಆ ದಿನಗಳಲ್ಲಿ ಸ್ಕೌಟಿಂಗ್ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ನಮ್ಮ ಹುಡುಗರಿಗೆ ಪ್ರವೇಶ ಇರಲಿಲ್ಲ. ಎಲ್ಲ ಸ್ಕೌಟ್‌ಗಳೂ ಅಣ್ಣತಮ್ಮಂದಿರು ಅನ್ನೋ ನಿಯಮ ಇರೋ ಸಂಘಟನೆಯ ಬಾಗಿಲು ಇದು.

ಬಾಗಿಲು ಹಾಕಿದರೆ ಏನಾಗುತ್ತೆ? 1908ರಲ್ಲಿ ಇಂಗ್ಲೆಂಡಿನ ಹುಡುಗರು ಮಾಡಿದ್ದನ್ನೇ ಇಲ್ಲಿಯವರೂ ಮಾಡಿದರು. ಯಾರನ್ನೂ ಕೇಳದೆ ಶುರು ಮಾಡಿದರು. 1913ರಲ್ಲಿ ಉತ್ತರದ ಷಹಜಹಾನ್‌ಪುರದಲ್ಲಿ ಶ್ರೀರಾಮ್ ವಾಜಪೇಯಿ ಭಾರತೀಯ ಹುಡುಗರ ದಳ ಕಟ್ಟಿದರು. ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಭಾರತೀಯ ಮಕ್ಕಳಿಗೆ ಬೇರೆಯೇ ಸ್ಕೌಟ್ ಸಂಘ ಮಾಡಿದರು. 1918ರಲ್ಲಿ ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ವಾಜಪೇಯಿ ಸೇರಿ ಸೇವಾ ಸಮಿತಿ ಸ್ಕೌಟ್ ಸಂಘ ಕಟ್ಟಿದರು. ಸ್ವರಾಜ್ಯ ಕೇಳ್ತಿದ್ದ ಜನ ಬ್ರಿಟಿಷ್ ಸೇನಾಧಿಕಾರಿಯ ಪದ್ಧತಿಯನ್ನ ಬೇಡ ಅನ್ನಲಿಲ್ಲ, ತಮ್ಮದು ಮಾಡ್ಕೊಂಡರು.

ಬಿ.ಪಿ. 1921ರಲ್ಲಿ ಇಲ್ಲಿಗೆ ಬಂದಾಗ ಇವನ್ನೆಲ್ಲ ಒಂದು ಮಾಡೋ ಪ್ರಯತ್ನ ನಡೆಯಿತು, ಎಲ್ಲವೂ ಸೇರಲಿಲ್ಲ. 1937ರಲ್ಲಿ ಮತ್ತೆ ಬಂದು ಹೋದ ಮೇಲೆ ಭಾರತೀಯರ ಸ್ವಭಾವದ ಬಗ್ಗೆ ಅವರು ಆಡಿದ ಮಾತು ಇಲ್ಲಿ ಸಿಟ್ಟು ತರಿಸಿತು. 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಅಸೋಸಿಯೇಷನ್ ಹುಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ ಮೌಲಾನಾ ಆಜಾದ್, ಕುಂಜ್ರು ಮುಂತಾದವರು ಕೂತು ಮಾತಾಡಿ, 1950ರ ನವೆಂಬರ್ 7ರಂದು ಎಲ್ಲ ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯ್ತು. 1951ರ ಆಗಸ್ಟ್ 15ರಂದು ಗೈಡ್ಸ್ ಸಂಘಟನೆಯೂ ಬಂದು ಸೇರಿತು. ಇವತ್ತು ದೊಡ್ಡಬಳ್ಳಾಪುರದಲ್ಲಿರೋ ನಮ್ಮ ರಾಜ್ಯದ ಸ್ಕೌಟ್ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟ್ ಹೆಸರಿದೆ.

ಇಷ್ಟೆಲ್ಲ ಓದಿ ನಾನು ಮಾಡಿದ್ದೇನು? ದೊಡ್ಡದೇನೂ ಅಲ್ಲ. ಒಂಬತ್ತು ಹುಡುಗರನ್ನ ಮರದ ಕೆಳಗೆ ಕೂರಿಸಿ ಎರಡು ಪೆಟ್ರೋಲ್ ಮಾಡ್ಕೊಳ್ಳೋಕೆ ಹೇಳಿದೆ, ಒಂದರಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು. ಲೀಡರನ್ನ ಅವರೇ ಆರಿಸಿದರು. ಸ್ಕೌಟಿಂಗ್‌ನಲ್ಲಿ ಕೋರ್ಟ್ ಆಫ್ ಆನರ್ ಅಂತ ಒಂದಿದೆ. ಹೆಸರು ದೊಡ್ಡದು, ಲೀಡರ್‌ಗಳು ಕೂತು ದಳದ ವಿಷಯ ಮಾತಾಡೋ ಸಭೆ. ನಮ್ಮಲ್ಲಿ ಅದು ನಡೆದೇ ಇರಲಿಲ್ಲ. ಮೊದಲ ಸಭೆಯಲ್ಲಿ "ಹುಡುಗರು ಯಾಕೆ ಬಿಟ್ಟು ಹೋಗ್ತಿದ್ದಾರೆ?" ಅಂತ ಕೇಳಿ ಸುಮ್ಮನೆ ಕೂತೆ.

ಒಂಬತ್ತನೇ ಕ್ಲಾಸಿನ ಲೀಡರ್ ತಲೆ ಕೆಳಗೆ ಹಾಕ್ಕೊಂಡು ಹೇಳಿದ: "ಅಣ್ಣ, ಶನಿವಾರ ಸಂತೆ ಅಲ್ವಾ. ಅವನಪ್ಪನದು ಬಸ್ ಸ್ಟ್ಯಾಂಡ್ ಹತ್ರ ಎಳನೀರು ಗಾಡಿ. ಮಧ್ಯಾಹ್ನ ಅವರಪ್ಪ ಊಟಕ್ಕೆ ಹೋದಾಗ ಇವನು ನಿಂತ್ಕೋಬೇಕು. ಅವರು ಬಂದ ಮೇಲೆ ಓಡಿ ಬರ್ತಿದ್ದ."

ನಮ್ಮೂರ ಸಂತೆ ಶನಿವಾರ ಅಂತ ನನಗೂ ಗೊತ್ತು. ಹುಟ್ಟಿದಾಗಿಂದ ನೋಡಿದೀನಿ. ಎರಡು ವರ್ಷ ಶನಿವಾರ ಮಧ್ಯಾಹ್ನವೇ ದಳ ಸೇರಿಸಿದೀನಿ, ಒಂದು ದಿನವೂ ಯೋಚನೆ ಬಂದಿರಲಿಲ್ಲ.

"ಹಾಗಾದ್ರೆ ಯಾವಾಗ ಸೇರೋಣ?" ಅಂದೆ. ಇಬ್ಬರೂ ಒಟ್ಟಿಗೆ "ಭಾನುವಾರ ಬೆಳಿಗ್ಗೆ ಏಳು" ಅಂದರು. ಅದಾಗಲೇ ಅವರೊಳಗೆ ತೀರ್ಮಾನ ಆಗಿತ್ತು. ನಾನು ಕೇಳೋದಷ್ಟೇ ಬಾಕಿ ಇತ್ತು.

ಎಳನೀರು ಗಾಡಿ ಹತ್ತಿರ ನಾನೇ ಹೋದೆ. ಹುಡುಗ ಮಚ್ಚು ಹಿಡಿದು ಕಾಯಿ ಕೆತ್ತುತ್ತಿದ್ದ, ನನಗಿಂತ ಚೆನ್ನಾಗಿ. "ಅವತ್ತು ಬೈದಿದ್ದು ನನ್ನ ತಪ್ಪು ಕಣೋ" ಅಂದೆ. ಅವನು ಒಂದು ಎಳನೀರು ಕೆತ್ತಿ ಕೊಟ್ಟ, ದುಡ್ಡು ಮಾತ್ರ ಎಣಿಸಿ ತಗೊಂಡ. ಆ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರ ಏಳಕ್ಕೆ ಐದು ನಿಮಿಷ ಇರುವಾಗ ಬಂದ. ಅವನ ಸ್ನೇಹಿತರಲ್ಲಿ ಒಬ್ಬ ಬಂದ, ಇನ್ನೊಬ್ಬ ಇಲ್ಲಿವರೆಗೂ ಬಂದಿಲ್ಲ.

ಹೋದ ತಿಂಗಳು ಊರಾಚೆಯ ಕೆರೆವರೆಗೆ ಹೈಕ್ ಹೋದ್ವಿ. ಪ್ಲಾನ್ ಪೂರ್ತಿ ಹುಡುಗರದು. ದಾರಿ ತಪ್ಪಿ ಒಂದು ತೆಂಗಿನ ತೋಟದೊಳಗೆ ನುಗ್ಗಿ, ತೋಟದ ಯಜಮಾನರ ಹತ್ತಿರ ಬೈಸಿಕೊಂಡು ವಾಪಸ್ ಬಂದ್ವಿ. ಉಪ್ಪಿಟ್ಟು ತಳ ಹಿಡಿದಿತ್ತು. ನಾನು ಬಾಯಿ ಹಾಕಲಿಲ್ಲ. ಆದರೆ ಪ್ರತಿ ಮನೆಯಿಂದ ಒಪ್ಪಿಗೆ ಪತ್ರ ತಂದಿದ್ದು, ಫಸ್ಟ್ ಏಡ್ ಡಬ್ಬಿ ಹೊತ್ತಿದ್ದು, ಕೆರೆ ಏರಿಯಿಂದ ಕೆಳಗೆ ಯಾರೂ ಇಳಿಯಬಾರದು ಅಂತ ಹೇಳಿದ್ದು ನಾನು. ಒಬ್ಬ "ಕಾಲು ತೊಳ್ಕೊಂಡು ಬರ್ತೀನಿ ಅಣ್ಣ" ಅಂದ. ಬೇಡ ಅಂದೆ. "ಯಾಕೆ?" ಅಂದ. ಏರಿ ಮೇಲೆ ಕೂತು ಲೇಸ್‌ಡೌನ್ ಕಥೆ ಹೇಳಿದೆ. ಯಾರೂ ಮತ್ತೆ ಕೇಳಲಿಲ್ಲ.

ಈಗ ರಿಜಿಸ್ಟರಲ್ಲಿ 11 ಹೆಸರಿದೆ. ಹಾಜರಿ ಹಾಕೋದು ನಾನಲ್ಲ, ಎಳನೀರು ಗಾಡಿಯ ಹುಡುಗ. ತಡವಾಗಿ ಬಂದವರ ಹೆಸರಿನ ಮುಂದೆ ಯಾಕೆ ತಡ ಅಂತ ಕೇಳಿ ಅದನ್ನೂ ಬರೀತಾನೆ. ಆ ಕಾಲಂ ನಾನು ಹೇಳಿಕೊಟ್ಟಿದ್ದಲ್ಲ.

ಇವತ್ತಿಗೆ ಇಷ್ಟು. ನಿಮ್ಮೂರಲ್ಲೂ ಸ್ಕೌಟ್ ದಳ ಇದ್ದರೆ, ನೀವು ಹಿಂದೆ ಸ್ಕೌಟೋ ಗೈಡೋ ಆಗಿದ್ದರೆ, ಒಂದು ಭಾನುವಾರ ಹೋಗಿ ನಿಂತು ನೋಡಿ. ಬಹುಶಃ ಅಲ್ಲಿ ಒಬ್ಬರೇ ಒಬ್ಬರು ದೊಡ್ಡವರು ಇರ್ತಾರೆ. ಮುಂದಿನ ಹೈಕ್‌ಗೆ ಅವರಿಗೆ ಇನ್ನೊಬ್ಬರು ಬೇಕು.